ಚಪ್ಪಲಿ ಬಿಟ್ಟು ನಲ್ಲಿ ಮುಟ್ಟಿ

ಮಹಾನಂದಾ ಕೇಳಿದ್ದು ಒಂದು ಪ್ಲಗ್ ಪಾಯಿಂಟು. ಬಾಡಿಗೆ ಇಳಿಸಿ ಅನ್ನಲಿಲ್ಲ, ಗೋಡೆಗೆ ಬಣ್ಣ ಹೊಡೆಸಿ ಅನ್ನಲಿಲ್ಲ. ಬಾಗಲಗುಂಟೆಯ ಆ ಮೂರಂತಸ್ತಿನ ಮನೆಯ ಕೆಳಗೆ, ಗಾಡಿ ನಿಲ್ಲಿಸುವ ಜಾಗದ ಗೋಡೆಯಲ್ಲಿ, ಗೀಸರಿಗೆ ಹಾಕುತ್ತಾರಲ್ಲ ಅಂಥ ಮೂರು ತೂತಿನ ಒಂದು ದೊಡ್ಡ ಪಾಯಿಂಟು. ತನ್ನದೇ ಮೀಟರಿನಿಂದ, ತನ್ನದೇ ಖರ್ಚಿನಲ್ಲಿ. ಇಷ್ಟು ಸಣ್ಣ ಕೆಲಸಕ್ಕೆ ಊರಿನ ಎಲೆಕ್ಟ್ರಿಷಿಯನ್ನರೆಲ್ಲ ಮೀನಮೇಷ ಎಣಿಸುತ್ತ ಕೂತರೆ ಯಾರಿಗೆ ತಾನೆ ಸಿಟ್ಟು ಬರುವುದಿಲ್ಲ?

ಪಾಯಿಂಟು ಬೇಕಾಗಿದ್ದದ್ದು ಕಾರಿಗೆ. ಪೆಟ್ರೋಲ್ ಕುಡಿಯುವ ಕಾರಲ್ಲ, ಕರೆಂಟಿನ ಕಾರು. ಆಗಿನ್ನೂ ತುಮಕೂರು ರಸ್ತೆಯ ಮೇಲ್ಸೇತುವೆ ಏಳುತ್ತಿದ್ದ ಕಾಲ. ಬೆಂಗಳೂರಿನಲ್ಲಿ ಅಲ್ಲೊಂದು ಇಲ್ಲೊಂದು ಎರಡೇ ಬಾಗಿಲಿನ ಆ ಪುಟ್ಟ ಗಾಡಿ ಸದ್ದಿಲ್ಲದೆ ಓಡಾಡುತ್ತಿತ್ತು. ನೋಡಿದವರು ನಗುತ್ತಿದ್ದರು. ಮಹಾನಂದಾ ನಗಲಿಲ್ಲ. ಆ ಕಾರಿಗೆ ಕ್ಲಚ್ ಇಲ್ಲ ಎಂದು ತಿಳಿದ ದಿನದಿಂದ ಅವಳಿಗೆ ಅದರದೇ ಧ್ಯಾನವಾಗಿತ್ತು. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಅವಳ ಎಡಗಾಲು ಸೊರಗಿಹೋಗಿತ್ತು. ಕಬ್ಬಿಣದ ಪಟ್ಟಿ ಕಟ್ಟಿದ ಬೂಟು ಹಾಕಿ, ಕೋಲು ಹಿಡಿದು ನಡೆಯಬೇಕು. ಬಲಗಾಲೊಂದರಿಂದಲೇ ಓಡಿಸಬಹುದಾದ ಕಾರು, ಅವಳ ಕೈಗೆಟುಕುವಂಥದ್ದು, ಅದೊಂದೇ.

ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹಿತ್ತಾಳೆ ಬಿಡಿಭಾಗಗಳನ್ನು ಅಳೆದು ನೋಡಿ ಪಾಸು ಮಾಡುವುದು ಅವಳ ಕೆಲಸ. ಕೂತು ಮಾಡುವ ಕೆಲಸ, ಅದರಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಕಷ್ಟವೆಲ್ಲ ಅಲ್ಲಿಗೆ ಹೋಗಿ ಬರುವುದರಲ್ಲಿತ್ತು. ಬಸ್ಸಿನ ಮೊದಲ ಮೆಟ್ಟಿಲು ಅವಳ ಸೊಂಟದವರೆಗೆ ಬರುತ್ತಿತ್ತು. ಕಂಡಕ್ಟರ್ "ಬೇಗ ಬೇಗ ಮೇಡಂ" ಅನ್ನುತ್ತಿದ್ದ, ಹಿಂದಿನವರು ಸೊಂಟಕ್ಕೆ ಕೈ ಕೊಟ್ಟು ಎತ್ತುತ್ತಿದ್ದರು. ಸಹಾಯದ ಕೈ ಯಾವುದು, ಬೇರೆ ಕೈ ಯಾವುದು ಎಂದು ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಗಂಡ ರೇವಣಸಿದ್ದ ಒಳ್ಳೆಯವನೇ, ಆದರೆ ಅವನ ಪಾಳಿ ಬೇರೆ, ದಿಕ್ಕು ಬೇರೆ. ಸಾಕಾಗಿತ್ತು ಅವಳಿಗೆ. ಒಬ್ಬರ ಕೈಯೂ ತಾಗದಂತೆ ಕೆಲಸಕ್ಕೆ ಹೋಗಬೇಕು, ಅಷ್ಟೇ ಅವಳ ಆಸೆ.

ಮಲ್ಲೇಶ್ವರದ ನಿವೃತ್ತ ಮೇಷ್ಟ್ರೊಬ್ಬರು ತಮ್ಮ ಕರೆಂಟು ಕಾರನ್ನು ಮಾರುತ್ತಿದ್ದಾರೆ ಎಂದು ಕಾರ್ಖಾನೆಯಲ್ಲಿ ಯಾರೋ ಹೇಳಿದರು. ಹೋಗಿ ನೋಡಿದಳು. ಮೇಷ್ಟ್ರು ಆ ಗಾಡಿಯನ್ನು ಮಗಳನ್ನು ಸಾಕಿದಂತೆ ಸಾಕಿದ್ದರು. ಮೈದಾನದಲ್ಲಿ ಅವಳಿಗೆ ತಾವೇ ಓಡಿಸುವುದು ಕಲಿಸಿದರು, ಲೈಸೆನ್ಸ್ ಆಗುವವರೆಗೂ ಬಿಡಲಿಲ್ಲ. ಆದರೆ ಒಂದು ಮಾತು ಕಡ್ಡಿ ಮುರಿದ ಹಾಗೆ ಹೇಳಿದ್ದರು.

"ದಿನಾ ಚಾರ್ಜ್ ಮಾಡದೆ ನಿಲ್ಲಿಸಿದ್ರೆ ಬ್ಯಾಟರಿ ಸತ್ತೋಗುತ್ತೆ ಕಣಮ್ಮ. ಮೊದಲು ಮನೇಲಿ ಪಾಯಿಂಟ್ ಹಾಕಿಸು, ಆಮೇಲೆ ಕೀ ಕೊಡ್ತೀನಿ. ಇಲ್ಲ ಅಂದ್ರೆ ಕೇಳೋರು ಇನ್ನೊಬ್ರಿದಾರೆ."

ಮಹಾನಂದಾ ಮನೆಯ ಓನರ್ ರಾಮಾಂಜಿನಪ್ಪನನ್ನು ಕೇಳಿದಳು. ಹಿಂದೆ ಅಲ್ಲೇ ರಾಗಿ ಬೆಳೆಯುತ್ತಿದ್ದ ಮನೆತನ. ಹೊಲವಿದ್ದಲ್ಲಿ ಈಗ ಬಾಡಿಗೆ ಮನೆಗಳು, ತಾವಿರುವುದು ಪಕ್ಕದ ಹಳೆಯ ಮನೆಯಲ್ಲಿ. ಅವನು ಹಲ್ಲು ಚುಚ್ಚಿಕೊಳ್ಳುತ್ತ, "ರೇಟು ಕೇಳ್ಕೊಂಡು ಬಾರಮ್ಮ, ನೋಡಾನ" ಅಂದ. ಇಲ್ಲ ಅನ್ನಲಿಲ್ಲವಲ್ಲ ಎಂದು ಅವಳು ಖುಷಿಪಟ್ಟಳು. ಪಾಪ, ಅವನು ಯಾಕೆ ಅಷ್ಟು ಧೈರ್ಯವಾಗಿ ಹೇಳಿದ ಎಂದು ಆಗ ಅವಳಿಗೆ ಹೊಳೆಯಲಿಲ್ಲ.

ಮೊದಲು ಬಂದವನು ಟಿ. ದಾಸರಹಳ್ಳಿಯಲ್ಲಿ ಅಂಗಡಿ ಇಟ್ಟಿದ್ದ ಗದಿಗೆಪ್ಪ. ಅವಳ ಕಡೆಯವನೇ, ಗದಗಿನ ಹತ್ತಿರದ ಊರಿನವನು. ಗೋಡೆ ನೋಡಿದ, ಅಳತೆ ಹಿಡಿದ, "ಒಂದು ಮುಂಜಾನಿ ಕೆಲಸ ಬಿಡ್ರಿ ಅಕ್ಕಾರ" ಅಂದ. ಆಮೇಲೆ ಮೆಟ್ಟಿಲ ಕೆಳಗಿದ್ದ ಮೇನ್ ಬೋರ್ಡಿನ ಹತ್ತಿರ ಹೋದ. ಅದರ ಮುಚ್ಚಳದ ಮೇಲೆ ಕೆಂಪು ಬಣ್ಣದಲ್ಲಿ ಮುನಿಕೃಷ್ಣ ಎಂಬ ಹೆಸರು, ಫೋನ್ ನಂಬರು. ಗದಿಗೆಪ್ಪ ಸ್ಕ್ರೂ ಡ್ರೈವರನ್ನು ಮತ್ತೆ ಜೇಬಿಗೆ ಇಳಿಸಿದ.

"ಇದು ಮುನಿಕೃಷ್ಣನ ಬೋರ್ಡ್ ಅದರಿ. ನಾ ಮುಟ್ಟಂಗಿಲ್ಲ."

"ಮನಿ ರಾಮಾಂಜಿನಪ್ಪಂದು, ಮೀಟರ್ ನಂದು. ನಡುವ ಇವ ಯಾರು?"

"ಬೋರ್ಡ್ ಕಟ್ಟಿದಾಂವ್ರಿ. ಇಲ್ಲಿ ರಿವಾಜ್ ಹಂಗ ಅದ. ಒಬ್ಬಾಂವ ಕಟ್ಟಿದ ಬೋರ್ಡ್ ಇನ್ನೊಬ್ಬಾಂವ ಬಿಚ್ಚಂಗಿಲ್ಲ. ಬಿಚ್ಚಿದ್ರ ನಾಳೆ ನನಗ ಈ ಕಡೆ ಕೆಲಸ ಹುಟ್ಟಂಗಿಲ್ಲ."

ಹಾಗಿತ್ತು ಅಲ್ಲಿನ ಕಟ್ಟಳೆ. ಮನೆ ಕಟ್ಟುವಾಗ ಯಾರು ವೈರು ಎಳೆದರೋ ಆ ಮನೆ ಸಾಯುವತನಕ ಅವರದೇ. ಫ್ಯೂಸು ಹೋದರೂ ಅವನೇ ಬರಬೇಕು, ಅವನು ಮದುವೆಗೆ ಹೋಗಿದ್ದರೆ ಮೊಂಬತ್ತಿ ಹಚ್ಚಿಕೊಂಡು ಕಾಯಬೇಕು. ಯಾವ ಕಾನೂನಿನಲ್ಲೂ ಇಲ್ಲದ ಇಂಥ ನಿಯಮಗಳನ್ನು ಮಾತ್ರ ಜನ ಚಾಚೂ ತಪ್ಪದೆ ಪಾಲಿಸುತ್ತಾರೆ. ಮಹಾನಂದಾ ಇನ್ನೂ ಇಬ್ಬರನ್ನು ಕರೆಸಿದಳು. ಅವರೂ ಬೋರ್ಡಿನ ಮೇಲಿನ ಹೆಸರು ಓದಿ, ಟೀ ಕುಡಿದು ಹೋದರು.

ಕೊನೆಗೆ ಬಂದವನು ಭರಮಪ್ಪ. ಜಾಲಹಳ್ಳಿ ಕ್ರಾಸಿನ ಕಡೆಯವನು, ಬಾಯಿ ಜೋರು. ಬೋರ್ಡನ್ನು ಅವನೂ ಮುಟ್ಟಲಿಲ್ಲ. ಆದರೆ ಮಹಡಿಯ ಮೇಲೆ ಅವಳ ಅಡುಗೆಮನೆಗೆ ಬಂದು, ಎರಡು ವೈರು ಕಟ್ಟಿದ ಒಂದು ಬಲ್ಬನ್ನು ಚೀಲದಿಂದ ತೆಗೆದು, ಮಿಕ್ಸಿಯ ಪ್ಲಗ್ಗಿನ ಕೆಳಗಿನ ಎರಡು ತೂತಿಗೆ ಹಿಡಿದ. ಬಲ್ಬು ಉರಿಯಿತು. ಒಂದು ವೈರನ್ನು ಅಲ್ಲೇ ಬಿಟ್ಟು ಇನ್ನೊಂದನ್ನು ಮೇಲಿನ ದೊಡ್ಡ ತೂತಿಗೆ ಹಿಡಿದ. ಉರಿಯಲಿಲ್ಲ. ಬಚ್ಚಲಿನ ಪಾಯಿಂಟಿನಲ್ಲೂ ಅದೇ ಕಥೆ.

"ಅಕ್ಕಾ, ನಿಮ್ಮನೇಗೆ ಅರ್ಥೇ ಇಲ್ಲ. ಮೇಲಿನ ತೂತು ಸುಮ್ನೆ ಶೋಕಿಗೆ."

"ಹಂಗಂದ್ರ?"

"ಎಲ್ಲಾದ್ರೂ ಕರೆಂಟ್ ಲೀಕಾದ್ರೆ ಅದು ಮಣ್ಣಿಗೆ ಇಳ್ದು ಹೋಗ್ಬೇಕು. ಇಲ್ಲಿ ಇಳಿಯೋಕೆ ದಾರಿನೇ ಇಲ್ಲ. ಪೈಪು, ನಲ್ಲಿ ಎಲ್ಲಾ ಕಡೆ ಸುತ್ತಾಡ್ತಿರುತ್ತೆ. ನೀವು ಮುಟ್ಟಿದ್ರೆ ನಿಮ್ಮ ಮೂಲಕ ಇಳಿಯುತ್ತೆ. ಇಂಥ ಮನೇಲಿ ಕಾರಿಗೆ ಪಾಯಿಂಟ್ ಕೊಟ್ಟು, ಮಳೇಲಿ ನೆನ್ಕೊಂಡು ನೀವು ಬಾಗಿಲಿಗೆ ಕೈ ಹಾಕಿದ್ರೆ ಆ ಪಾಪ ನಂಗೆ ಬೇಡ. ಮೊದಲು ಮಣ್ಣಲ್ಲಿ ಗುಂಡಿ ತೋಡಿ ಅರ್ಥ್ ಹಾಕಿಸಿ. ಓನರೇ ಕರೆದ್ರೆ ಬರ್ತೀನಿ."

ಭರಮಪ್ಪ ಹೋದ ಮೇಲೆ ಮಹಾನಂದಾ ಬಚ್ಚಲ ಬಾಗಿಲಲ್ಲೇ ನಿಂತುಕೊಂಡಳು. ಬಾಗಿಲ ಪಕ್ಕ ಗಂಡನ ರಬ್ಬರ್ ಚಪ್ಪಲಿ ಇತ್ತು. ಆ ಕಟ್ಟಡದ ಎಲ್ಲ ಮನೆಗಳಲ್ಲೂ ಬಚ್ಚಲಿಗೆಂದೇ ಒಂದು ಜೋಡಿ ಚಪ್ಪಲಿ. ಹೊಸದಾಗಿ ಬಾಡಿಗೆಗೆ ಬಂದವರಿಗೆ ನೀರು ಬರುವ ದಿನ, ಕಸದವನು ಬರುವ ಹೊತ್ತು ಹೇಳಿದ ಹಾಗೆಯೇ, "ನಲ್ಲಿ ಮುಟ್ಟುವಾಗ ಚಪ್ಪಲಿ ಹಾಕ್ಕೊಳ್ಳಿ, ಜುಮ್ ಅನ್ನುತ್ತೆ" ಎಂದು ಹೇಳಿಕೊಡುತ್ತಿದ್ದರು. ಯಾಕೆ ಜುಮ್ ಅನ್ನಬೇಕು ಎಂದು ಒಬ್ಬರೂ ಕೇಳಲಿಲ್ಲ. ಮಹಾನಂದಾಳೂ ಕೇಳಿರಲಿಲ್ಲ. ಅವಳ ಎಡಗಾಲಿನಲ್ಲಿ ಚಪ್ಪಲಿ ನಿಲ್ಲುವುದೇ ಇಲ್ಲ. ಬೂಟು ಬಿಚ್ಚಿ ಬರಿಗಾಲಲ್ಲಿ ಸ್ಟೂಲಿನ ಮೇಲೆ ಕೂತು, ಗಂಡ ತುಂಬಿಸಿಟ್ಟ ಬಕೆಟ್ಟಿನಿಂದ ತಣ್ಣೀರು ಹೊಯ್ದುಕೊಳ್ಳುವುದೇ ಅಭ್ಯಾಸವಾಗಿತ್ತು. ತನ್ನ ಕಾಲಿನದೇ ತಪ್ಪು ಎಂದು ಇಷ್ಟು ವರ್ಷ ನಂಬಿದ್ದಳು. ಈಗ ಮೈಯೆಲ್ಲ ಉರಿದುಹೋಯಿತು.

ಅವಳು ನೇರವಾಗಿ ಮುನಿಕೃಷ್ಣನಿಗೇ ಫೋನ್ ಮಾಡಿ ಕರೆಸಿದಳು. ಅವನು ರಾಮಾಂಜಿನಪ್ಪನ ಅಕ್ಕನ ಮಗ. ಬೈಕಿನಿಂದ ಇಳಿಯದೆಯೇ ರೇಟು ಹೇಳಿದ: ಹೊಸ ಮೀಟರು, ಕಂಬದಿಂದ ಬೇರೆ ಕೇಬಲ್ಲು, ರಸ್ತೆ ಅಗೆಯುವುದು, ಕರೆಂಟ್ ಆಫೀಸಿನವರನ್ನು ನೋಡಿಕೊಳ್ಳುವುದು. ಅವನು ಹೇಳಿದ ಮೊತ್ತಕ್ಕೆ ಇನ್ನೊಂದು ಕಾರೇ ಬರುತ್ತಿತ್ತು. ರೇಟಲ್ಲ ಅದು, ಬಾಯಿ ಮುಚ್ಚಿಕೊಂಡಿರು ಅನ್ನುವ ಮಾತು.

"ಅದಿರ್ಲಿ ತಮ್ಮಾ, ಈ ಮನಿಗೆ ಅರ್ಥ್ ಎಲ್ಲದ? ತೋರ್ಸು."

ಮುನಿಕೃಷ್ಣ ಹೆಲ್ಮೆಟ್ಟಿನ ಪಟ್ಟಿ ಸರಿಮಾಡಿಕೊಂಡ. "ಇದೆ ಅಕ್ಕ. ಸಿಮೆಂಟ್ ಕೆಳಗೆ ಹೋಗ್ಬಿಟ್ಟಿದೆ."

"ಎಲ್ಲಿ ಕೆಳಗ?"

"ಅಯ್ಯೋ, ಅದೆಲ್ಲ ನಿಮಗೆ ಗೊತ್ತಾಗಲ್ಲ ಬಿಡಿ ಅಕ್ಕ."

ಸೈಟಿನ ಅಂಚಿನವರೆಗೂ ಸಿಮೆಂಟು ಬಳಿದಿದ್ದ ಆ ಮನೆಯಲ್ಲಿ ಮಣ್ಣು ಕಾಣುತ್ತಿದ್ದದ್ದು ಒಂದೇ ಕಡೆ. ಗಾಡಿ ಜಾಗದ ಮೂಲೆಯಲ್ಲಿ ರಾಮಾಂಜಿನಪ್ಪನ ತಾಯಿ ಅಶ್ವತ್ಥಮ್ಮ ಹಸು ಕಟ್ಟುತ್ತಿದ್ದಳು, ಕೆಂದಿ ಎಂದು ಅದರ ಹೆಸರು. ಹೊಲ ಹೋಯಿತು, ಎತ್ತು ಹೋಯಿತು, ಒಂದು ಹಸುವಾದರೂ ಇರಲಿ ಎಂದು ಮುದುಕಿ ಹಟ ಹಿಡಿದು ಅಷ್ಟು ನೆಲ ಉಳಿಸಿಕೊಂಡಿದ್ದಳು. ಅಲ್ಲಿ ಯಾರೂ ಚಪ್ಪಲಿ ಮೆಟ್ಟಿ ಹೋಗುವಂತಿರಲಿಲ್ಲ. ಮಹಾನಂದಾ ಗುಂಡಿಯ ಮಾತೆತ್ತಿದ ಕೂಡಲೇ ರಾಮಾಂಜಿನಪ್ಪ ತಾಯಿಯನ್ನು ಮುಂದೆ ಬಿಟ್ಟು ತಾನು ಹಿಂದೆ ನಿಂತ.

"ನಮ್ಮವ್ವ ಒಪ್ಪಾಕಿಲ್ಲ. ಹಸೀನ ಕಾಲ್ಕೆಳಗೆ ಕರೆಂಟ್ ಗುಂಡಿ ತೋಡ್ಸಾಕಾಯ್ತದಾ?"

ಅಶ್ವತ್ಥಮ್ಮನೂ ಬಿಡಲಿಲ್ಲ. "ನಿನ್ನ ಕಾರಿಗೋಸ್ಕರ ನನ್ನ ಕೆಂದೀನ ಸಾಯಿಸ್ಬೇಕಾ? ಒಂದು ಹಿಡಿ ಮಣ್ಣು ಅದೆ ಇಲ್ಲಿ, ಅದರ ಮ್ಯಾಲೂ ನಿಮ್ಮ ಕಣ್ಣಾ?"

"ಅಜ್ಜಿ, ಅರ್ಥ್ ಹಾಕಿದ್ರ ನಿಮ್ಮ ಆಕಳಿಗೂ ಚಲೋ..."

"ಹೋಗಮ್ಮ ಹೋಗು, ನಂಗೆ ಹೇಳ್ಕೊಡಾಕ್ ಬರಬ್ಯಾಡ."

ಮಹಾನಂದಾ ತಿರುಗಿ ಮೆಟ್ಟಿಲು ಹತ್ತುತ್ತಿದ್ದಾಗ ರಾಮಾಂಜಿನಪ್ಪ ಅಳಿಯನಿಗೆ ಹೇಳಿದ್ದು ಅವಳ ಕಿವಿಗೆ ಬಿತ್ತು. "ನೆಟ್ಟಗೆ ನಡಿಯಾಕ್ ಬರಾಕಿಲ್ಲ, ಕಾರು ಬೇರೆ ಕೇಡು ಇವಳಿಗೆ." ಮುನಿಕೃಷ್ಣ ಕಿಸಕ್ಕನೆ ನಕ್ಕ. ಅವಳು ನಿಂತಳು, ಕಂಬಿಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಅಳು ಬರಲಿಲ್ಲ. ಇಳಿದು ಹೋಗಿ ಕೋಲಿನಿಂದ ನಾಲ್ಕು ಬಾರಿಸಬೇಕು ಅನ್ನಿಸಿತು, ಅದು ಸುಳ್ಳಲ್ಲ.

"ಬಿಟ್ಟ್ಬಿಡು ಮಾರಾಯ್ತಿ," ಅಂದ ರೇವಣಸಿದ್ದ ಊಟಕ್ಕೆ ಕೂತಾಗ. "ಬ್ಯಾರೆ ಮನಿ ನೋಡೂಣು."

"ಬ್ಯಾರೆ ಮನ್ಯಾಗ ಅರ್ಥ್ ಅದ ಅಂತ ಏನ್ ಗ್ಯಾರಂಟಿ? ನಾವು ಹ್ವಾದ ಮ್ಯಾಲ ಇಲ್ಲಿಗೆ ಬರೋರ ಮಕ್ಕಳು ಆ ನಳ ಮುಟ್ಟಂಗಿಲ್ಲೇನು?"

"ನಿನ್ನ ಜೋಡಿ ಮಾತಾಡಿ ಗೆಲ್ಲೂದು ನನ್ನಿಂದ ಆಗಂಗಿಲ್ಲ ತಗೋ," ಎಂದು ಅವನು ರೊಟ್ಟಿ ಮುರಿದ. ಮೇಷ್ಟ್ರ ಫೋನು ಬಂದದ್ದು ಮರುದಿನ. ಕೊಳ್ಳುವ ಇನ್ನೊಬ್ಬರು ಭಾನುವಾರ ಸಂಜೆ ಬರುತ್ತಾರಂತೆ, ಅಷ್ಟರೊಳಗೆ ಏನು ಅಂತ ಹೇಳಬೇಕಂತೆ.

ಭಾನುವಾರ ಬೆಳಿಗ್ಗೆ ಕಟ್ಟಡದ ಜನವೆಲ್ಲ ಮನೆಯಲ್ಲೇ ಇದ್ದರು. ಎಲ್ಲರಿಗೂ ಎಣ್ಣೆನೀರು, ಎಲ್ಲ ಬಚ್ಚಲಲ್ಲೂ ಗೀಸರು ಉರಿಯುತ್ತಿತ್ತು. ಕೆಳಗೆ ರಾಮಾಂಜಿನಪ್ಪ ಜೀಪು ತೊಳೆಯುತ್ತಿದ್ದ. ಟ್ಯಾಂಕಿನಿಂದ ಇಳಿದು ಬಂದ ಕಬ್ಬಿಣದ ಪೈಪಿಗೆ ಅಲ್ಲೊಂದು ನಲ್ಲಿಯಿತ್ತು, ಅವನ ಕಾಲಲ್ಲಿ ದಪ್ಪ ರಬ್ಬರ್ ಚಪ್ಪಲಿ ಇತ್ತು. ಆ ಕಡೆ ಅಶ್ವತ್ಥಮ್ಮ ನೆಲದಡಿಯ ಸಂಪಿನಿಂದ ಹಗ್ಗದ ಬಕೆಟ್ಟಿನಲ್ಲಿ ನೀರು ಸೇದಿ ಕೆಂದಿಗೆ ಇಡುತ್ತಿದ್ದಳು. ಪಕ್ಕದಲ್ಲೇ ನಲ್ಲಿ ಇದ್ದರೂ ಮುದುಕಿ ವರ್ಷಗಳಿಂದ ಸೇದಿಯೇ ತರುವುದು.

ಮಹಾನಂದಾ ಮೆಟ್ಟಿಲಿಳಿದು ಬಂದಳು. ಒಂದೊಂದೇ ಮೆಟ್ಟಿಲು, ಬೂಟು ಟಕ್ ಟಕ್ ಅನ್ನಿಸುತ್ತ. ಬರುವಾಗಲೇ ಎಲ್ಲ ಮನೆಗಳ ಬಾಗಿಲು ಬಡಿದು, "ಕೆಳಗ ಬರ್ರಿ, ಒಂದು ಕೆಲಸ ಅದ" ಎಂದು ಹೇಳಿ ಬಂದಿದ್ದಳು. ಟವೆಲು ಸುತ್ತಿಕೊಂಡವರು, ತಲೆಗೆ ಎಣ್ಣೆ ಹಚ್ಚಿಕೊಂಡವರು ಮೆಟ್ಟಿಲ ಮೇಲೆ ಗುಂಪಾದರು. ಅವಳು ಹೋಗಿ ನಲ್ಲಿಯ ಮುಂದೆ ನಿಂತಳು.

"ಅಣ್ಣಾರ, ಈ ಮನಿಗೆ ಅರ್ಥ್ ಅದ ಅಂತ ನಿಮ್ಮ ಅಳಿಯ ಹೇಳ್ಯಾನ. ನೀವೂ ಹೂಂ ಅಂತೀರಿ. ಆತು, ನಾನೂ ನಂಬ್ತೀನಿ. ಚಪ್ಪಲಿ ಬಿಟ್ಟು ಈ ನಳ ಒಮ್ಮಿ ಮುಟ್ರಿ."

"ಏನಮ್ಮಾ ಇದು, ಬೆಳಬೆಳಿಗ್ಗೆ?"

"ಮುಟ್ರಿ ಅಷ್ಟ. ನೀವು ಮುಟ್ಟಿದ್ರ ನಾ ಪಾಯಿಂಟೂ ಕೇಳಂಗಿಲ್ಲ, ಕಾರೂ ತರಂಗಿಲ್ಲ. ಇವತ್ತ ಮನಿ ಖಾಲಿ ಮಾಡ್ತೀನಿ."

ರಾಮಾಂಜಿನಪ್ಪ ಮೆಟ್ಟಿಲ ಮೇಲಿನ ಜನರನ್ನು ನೋಡಿದ, ಬಟ್ಟೆ ಹಿಂಡಿದ, ನಗಲು ನೋಡಿದ. "ನಂಗೇನ್ ಬ್ಯಾರೆ ಕೆಲಸ ಇಲ್ವಾ" ಅಂದ. ಕಾಲು ಮಾತ್ರ ಚಪ್ಪಲಿಯಿಂದ ಹೊರಗೆ ಬರಲಿಲ್ಲ.

"ಮುಟ್ಲಾ," ಅಂದಳು ಅಶ್ವತ್ಥಮ್ಮ ಹಸುವಿನ ಪಕ್ಕದಿಂದ. "ಮುಟ್ಟಿ ತೋರ್ಸಿ ಕಳ್ಸು ಇವಳ್ನ. ಖಾಲಿ ಮಾಡ್ತೀನಿ ಅಂತ ಅವಳೇ ಅಂತಾವ್ಳಲ್ಲ."

"ಸುಮ್ಕಿರವ್ವ."

"ಯಾಕ್ ಸುಮ್ಕಿರಾನ? ಒಂದು ನಲ್ಲಿ ಮುಟ್ಟಾಕೆ ಇಷ್ಟೊತ್ತಾ? ನೀ ಮುಟ್ದೆ ಇದ್ರೆ ಬುಡು, ನಾನೇ ಮುಟ್ತೀನಿ."

ಮುದುಕಿ ಬಂದೇ ಬಿಟ್ಟಳು. ಬರಿಗಾಲು, ನೆನೆದ ನೆಲ, ಮೊಣಕೈವರೆಗೆ ನೀರು. ಇದನ್ನು ಮಹಾನಂದಾ ಯೋಚಿಸಿರಲಿಲ್ಲ. "ಅಜ್ಜಿ, ನೀವಲ್ಲ, ನಿಂದರ್ರಿ" ಎನ್ನುತ್ತ ಕೋಲು ಎಸೆದು ಅಡ್ಡ ಹೋಗಲು ನೋಡಿದಳು, ಕಾಲು ಏಳಲಿಲ್ಲ.

"ಅವ್ವಾ, ಮುಟ್ಬ್ಯಾಡ!"

ರಾಮಾಂಜಿನಪ್ಪ ಹಾರಿ ಬಂದು ತಾಯಿಯ ಮುಂಗೈ ಹಿಡಿದುಕೊಂಡಿದ್ದ. ನಲ್ಲಿಗೂ ಮುದುಕಿಯ ಬೆರಳಿಗೂ ನಡುವೆ ಒಂದು ಗೇಣು ಉಳಿದಿತ್ತು.

ಅಶ್ವತ್ಥಮ್ಮ ಮಗನ ಮುಖ ನೋಡಿದಳು.

"ಯಾಕ್ಲಾ?"

"ಶಾಕ್ ಹೊಡೀತದೆ ಅವ್ವ."

"ಯಾವತ್ತಿಂದ?"

ಅವನು ತಾಯಿಯನ್ನು ನಲ್ಲಿಯಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿಸಿದ.

"ಟ್ಯಾಂಕಿನ ನೀರು ಹಸೀಗೆ ಆಗಾಕಿಲ್ಲ, ಸಂಪಿಂದಲೇ ಸೇದಿ ಹಾಕವ್ವ ಅಂತ ನೀನೇ ಅಂದಿದ್ದೆ. ಮನೆ ಕಟ್ಟಿದ ವರ್ಷವೇ ಅಂದಿದ್ದೆ. ಇದಕ್ಕೇನ್ಲಾ?"

ಮೂರನೇ ಮಹಡಿಯ ಹೆಂಗಸೊಬ್ಬಳು ಕಂಕುಳಲ್ಲಿದ್ದ ಕೂಸನ್ನು ಇನ್ನೊಂದು ಪಕ್ಕಕ್ಕೆ ಬದಲಾಯಿಸಿಕೊಂಡು, "ನಮ್ಮ ಪಾಪು ದಿನಾ ಅದೇ ನಲ್ಲಿ ಹಿಡ್ಕೊಳ್ಳೋಕೆ ಹೋಗುತ್ತೆ ಅಂಕಲ್" ಅಂದಳು. ಜೋರಾಗಿ ಅನ್ನಲಿಲ್ಲ. ಅಷ್ಟು ಹೊತ್ತು ಸುಮ್ಮನಿದ್ದವರು ಒಬ್ಬೊಬ್ಬರಾಗಿ ಶುರುಮಾಡಿದರು: ಯಾರಿಗೆ ಯಾವಾಗ ಹೊಡೆಯಿತು, ಯಾರು ಬಕೆಟ್ ಸಮೇತ ಬಿದ್ದರು. ವರ್ಷಗಟ್ಟಲೆ ಚಪ್ಪಲಿಯಲ್ಲಿ ಮುಗಿಸಿಕೊಂಡಿದ್ದ ಮಾತು ಎಲ್ಲರ ಬಾಯಿಂದ ಒಟ್ಟಿಗೆ ಹೊರಬಂತು.

ಅಶ್ವತ್ಥಮ್ಮ ಕೈ ಬಿಡಿಸಿಕೊಂಡಳು. "ನಿಮ್ಮವ್ವನ್ನ ಉಳಿಸ್ಕೊಂಡೆ, ಅವಳ ಹಸೀನೂ ಉಳಿಸ್ಕೊಂಡೆ. ಬಾಡಿಗೆ ಕೊಡೋರ ಮಕ್ಕಳು ಏನಾದ್ರೂ ಆಗ್ಲಿ, ಅಲ್ವಾ?" ಅವಳು ಹೋಗಿ ಕೆಂದಿಯ ಹಗ್ಗ ಬಿಚ್ಚಿದಳು. ಹಸುವನ್ನು ಗೇಟಿನಿಂದ ಆಚೆ ಕರೆದೊಯ್ದು ರಸ್ತೆ ಬದಿಯ ಕಂಬಕ್ಕೆ ಕಟ್ಟಿ ಬಂದು, ಗೊಬ್ಬರ ಬಳಿಯುವ ಸಲಿಕೆ ತಂದು ಮಗನ ಕಾಲ ಬಳಿ ಹಾಕಿದಳು. "ಅಗಿ."

"ಅವ್ವ, ಮುನಿಕೃಷ್ಣನ್ನ ಕರೆಸಿ..."

"ಅವನು ಕಟ್ಟಿದ್ದು ನೋಡಿದ್ದಾಯ್ತಲ್ಲ, ಸಾಕು. ಜಾಲಹಳ್ಳಿ ಕ್ರಾಸಿನೋನು ಯಾರೋ ಬಂದಿದ್ನಲ್ಲ, ಅವನ ನಂಬರ್ ಇವಳ್ನ ಕೇಳಿ ನೀನೇ ಫೋನ್ ಮಾಡು. ನನ್ನೆದುರಿಗೇ ಮಾಡು."

ಅವನು ಫೋನ್ ಮಾಡಿದ. ಓನರೇ ಕರೆದರೆ ಬರುತ್ತೇನೆ ಅಂದಿದ್ದ ಭರಮಪ್ಪ ಮಧ್ಯಾಹ್ನಕ್ಕೇ ಬಂದ. ಗದಿಗೆಪ್ಪನನ್ನೂ ಜೊತೆಗೆ ಕರೆತಂದ, ಬೈಸಿಕೊಳ್ಳುವುದಾದರೆ ಇಬ್ಬರಿರಲಿ ಎಂದು. ಕೆಂಪು ಹೆಸರಿನ ಆ ಮುಚ್ಚಳವನ್ನು ಬಿಚ್ಚಿ ಗೋಡೆಗೆ ಒರಗಿಸಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಮಹಾನಂದಾ ಮೇಷ್ಟ್ರಿಗೆ ಫೋನ್ ಹಚ್ಚಿ, "ಸರ್, ಸಂಜೀಕ ಬರೋರಿಗೆ ಬರಬ್ಯಾಡ ಅಂತ ಹೇಳ್ರಿ" ಅಂದಳು. ಅಂದ ಮೇಲೆ ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಮುದುಕಿಗೆ ಏನಾದರೂ ಆಗಿದ್ದರೆ ಎಂಬ ಭಯ ಆಗ ಬಂತು, ಬಹಳ ಹೊತ್ತು ಬಿಡಲಿಲ್ಲ.

ಗುಂಡಿಗೆ ಇದ್ದಿಲು, ಉಪ್ಪು ತುಂಬಿ ಮುಚ್ಚಿದರು. ಬಲ್ಬು ಮೇಲಿನ ತೂತಿನಲ್ಲೂ ಉರಿಯಿತು. ಮೂರನೇ ಮಹಡಿಯ ಕೆಟ್ಟ ಗೀಸರೊಂದನ್ನು ಕಿತ್ತು ಹಾಕಿದರು. ಗೋಡೆಯಲ್ಲಿ ಪಾಯಿಂಟು ಬಂತು, ಅದರ ಮುಂದೆ ಕಾರು ಬಂತು. ಬೀದಿಯ ಜನ ನಕ್ಕರು, ಒಳಗೆ ಇಣುಕಿ ನೋಡಿ ಇನ್ನಷ್ಟು ನಕ್ಕರು. ನಗಲಿ ಬಿಡಿ.

ಮೊದಲ ಸೋಮವಾರ ಅವಳು ಕೆಲಸಕ್ಕೆ ಹೊರಟಾಗ ರಾಮಾಂಜಿನಪ್ಪ ಗೇಟಿನ ನಡುವೆ ನಿಂತಿದ್ದ. ಅಷ್ಟು ದಿನ ಮುಖ ತಪ್ಪಿಸಿ ಓಡಾಡಿದ್ದವನು ಅವತ್ತು ಗಟ್ಟಿ ಮನಸ್ಸು ಮಾಡಿ ಬಂದಿದ್ದ ಅಂತ ಕಾಣುತ್ತದೆ.

"ಜನರ ಮುಂದೆ ನನ್ನ ಮಾನ ಕಳೆದೆ. ಇನ್ನು ನೀನು ಈ ಮನೇಲಿ ಇರಾದು ಸರಿ ಹೋಗಾಕಿಲ್ಲ. ಯಾವಾಗ ಖಾಲಿ ಮಾಡ್ತೀಯ?"

ಮಹಾನಂದಾ ಪ್ಲಗ್ ಕಿತ್ತು ವೈರು ಸುತ್ತಿಟ್ಟಳು. ಕೋಲನ್ನು ಪಕ್ಕದ ಸೀಟಿಗೆ ಹಾಕಿ, ಎಡಗಾಲನ್ನು ಕೈಯಿಂದ ಎತ್ತಿ ಒಳಗಿಟ್ಟು, ಬಾಗಿಲು ಎಳೆದುಕೊಂಡಳು. ಯಾರ ಕೈಯೂ ತಾಗಲಿಲ್ಲ. ಕಿಟಕಿಯ ಗಾಜು ಇಳಿಸಿದಳು.

"ಸ್ವಲ್ಪ ಆ ಕಡೆ ಸರೀರಿ ಅಣ್ಣಾರ," ಅಂದಳು. "ಗಾಡಿ ಹಿಂದ ತಗೀಬೇಕು. ಇದು ಸಪ್ಪಳ ಮಾಡಂಗಿಲ್ಲ, ಆಮ್ಯಾಲ ಗೊತ್ತಾಗಲಿಲ್ಲ ಅನಬ್ಯಾಡ್ರಿ."

ಅವನು ಸರಿದು ನಿಂತ.